ಒಂದು ನಿಮಿಷಕ್ಕೆ ಎಷ್ಟು ಕಿಲೋ ಇಂಧನ?

ವಿಮಾನದ ವೇಗವನ್ನು ನಿರ್ಧರಿಸುವ ಕಾಸ್ಟ್ ಇಂಡೆಕ್ಸ್ ಎಂಬ ಅಂಕಿಯನ್ನು ನಾನು ಮೊದಲ ಬಾರಿಗೆ ಸ್ವಂತ ಹೊಣೆಯ ಮೇಲೆ ಬದಲಿಸಿದ್ದು ಬೆಂಗಳೂರಿನಿಂದ ದೆಹಲಿಗೆ ತಡವಾಗಿ ಹೊರಟಿದ್ದ ಒಂದು ಎ320 ವಿಮಾನಕ್ಕಾಗಿ. ಫ್ಲೈಟ್ ಡಿಸ್ಪ್ಯಾಚರ್ ಆಗಿ, ಅಂದರೆ ನೆಲದ ಮೇಲಿದ್ದು ಹಾರಾಟದ ಯೋಜನೆ ರೂಪಿಸುವವನಾಗಿ, ಅನುಮೋದನೆ ಪಡೆದು ಆಗಿನ್ನೂ ಕೆಲವೇ ತಿಂಗಳಾಗಿದ್ದವು. ಇಪ್ಪತ್ತು ನಿಮಿಷ ತಡವಾಗಿದ್ದ ವಿಮಾನವನ್ನು ವೇಗವಾಗಿ ಹಾರಿಸುವುದೇ ನನ್ನ ಕರ್ತವ್ಯವೆಂದು ಭಾವಿಸಿ, ಅಂಕಿಯನ್ನು ಏರಿಸಿ, ಹೊಸ ಫ್ಲೈಟ್ ಪ್ಲಾನನ್ನು ಕ್ಯಾಪ್ಟನ್‌ಗೆ ಕಳುಹಿಸಿದೆ. ಸುಮಾರು ನಾಲ್ಕು ನಿಮಿಷ ಉಳಿಯಿತು. ಅದಕ್ಕಾಗಿ ಇನ್ನೂರು ಕಿಲೋದಷ್ಟು ಹೆಚ್ಚುವರಿ ಇಂಧನ ಉರಿಯಿತು. ದೆಹಲಿ ಸಮೀಪಿಸಿದಾಗ ವಾಯು ಸಂಚಾರ ನಿಯಂತ್ರಕರು ವಿಮಾನವನ್ನು ಸರದಿಯಲ್ಲಿ ನಿಲ್ಲಿಸಿ ಹನ್ನೆರಡು ನಿಮಿಷ ಆಕಾಶದಲ್ಲೇ ಸುತ್ತಿಸಿದರು. ಉಳಿಸಿದ ನಾಲ್ಕು ನಿಮಿಷ ಯಾರಿಗೂ ದಕ್ಕಲಿಲ್ಲ.

ಈ ಅಂಕಿಯ ಹಿಂದಿನ ಲೆಕ್ಕ ಸರಳವಾದುದು. ಇಂಧನವನ್ನು ಬಿಟ್ಟು ಹಾರಾಟದ ಒಂದು ನಿಮಿಷಕ್ಕೆ ತಗಲುವ ವೆಚ್ಚವನ್ನು ಒಂದು ಕಿಲೋ ಇಂಧನದ ಬೆಲೆಯಿಂದ ಭಾಗಿಸಿದರೆ ಬರುವುದೇ ಕಾಸ್ಟ್ ಇಂಡೆಕ್ಸ್. ಅಂದರೆ, ಒಂದು ನಿಮಿಷ ಉಳಿಸಲು ಎಷ್ಟು ಕಿಲೋ ಇಂಧನ ಸುಟ್ಟರೆ ನಷ್ಟವಾಗುವುದಿಲ್ಲ ಎಂಬುದನ್ನು ಅದು ಹೇಳುತ್ತದೆ. ಸೊನ್ನೆ ಹಾಕಿದರೆ ವಿಮಾನದ ಕಂಪ್ಯೂಟರ್ ಅತಿ ಕಡಿಮೆ ಇಂಧನದಲ್ಲಿ ದೂರ ಕ್ರಮಿಸುವ ವೇಗವನ್ನು ಆರಿಸಿಕೊಳ್ಳುತ್ತದೆ. ಅಂಕಿ ಏರಿದಂತೆ ವೇಗವೂ ಏರುತ್ತದೆ. ಏರ್‌ಬಸ್ ವಿಮಾನಗಳಲ್ಲಿ ಇದು ನಿಮಿಷಕ್ಕೆ ಕಿಲೋ ಲೆಕ್ಕದಲ್ಲಿದ್ದರೆ ಬೋಯಿಂಗ್‌ನಲ್ಲಿ ಮಾನವೇ ಬೇರೆ; ಆದ್ದರಿಂದ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಗೆಯೇ ಹಾಕುವಂತಿಲ್ಲ.

ಲೆಕ್ಕ ಸರಳ, ಆದರೆ ಅದಕ್ಕೆ ಒದಗಿಸುವ ಬೆಲೆಗಳು ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮ ದೇಶದಲ್ಲಿ ವಿಮಾನ ಇಂಧನ ಜಿಎಸ್‌ಟಿಯ ಹೊರಗಿರುವುದರಿಂದ ರಾಜ್ಯದಿಂದ ರಾಜ್ಯಕ್ಕೆ ತೆರಿಗೆ ಬದಲಾಗುತ್ತದೆ, ಬೆಲೆಯೂ ಬದಲಾಗುತ್ತದೆ. ಲೀಟರಿಗೆ ಸುಮಾರು 0.8 ಕಿಲೋ ತೂಕವೆಂದು ಹಿಡಿದರೆ, ಕಿಲೋಲೀಟರಿಗೆ 1 ಲಕ್ಷ ರೂಪಾಯಿ ಇರುವಾಗ ಒಂದು ಕಿಲೋ ಇಂಧನಕ್ಕೆ 125 ರೂಪಾಯಿ ಬೀಳುತ್ತದೆ. ಉದಾಹರಣೆಗೆ, ಒಂದು ನಿಮಿಷದ ವೆಚ್ಚ 3,750 ರೂಪಾಯಿ ಎಂದುಕೊಂಡರೆ ಅಂಕಿ 30 ಆಗುತ್ತದೆ. 2022ರ ಜೂನ್‌ನಲ್ಲಿ ದೆಹಲಿಯ ಬೆಲೆ ಕಿಲೋಲೀಟರಿಗೆ 1.41 ಲಕ್ಷ ದಾಟಿದಾಗ ಇದೇ ಲೆಕ್ಕದಲ್ಲಿ ಅದು 21ಕ್ಕೆ ಇಳಿಯಬೇಕಿತ್ತು.

ಇಂಧನದ ಬೆಲೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ನಿಮಿಷದ ಬೆಲೆ. ಗಂಟೆಯ ಲೆಕ್ಕದಲ್ಲಿ ಕೊಡುವ ಸಿಬ್ಬಂದಿ ಭತ್ಯೆ, ಹಾರಾಟದ ಗಂಟೆಗಳ ಮೇಲೆ ನಿಂತಿರುವ ಎಂಜಿನ್ ನಿರ್ವಹಣೆಯ ಖರ್ಚು ಇವೆಲ್ಲ ಅದರಲ್ಲಿ ಸೇರಬೇಕು. ವಿಮಾನ ಹಾರಲಿ ಬಿಡಲಿ ಕಟ್ಟಲೇಬೇಕಾದ ತಿಂಗಳ ಬಾಡಿಗೆ ಸೇರಬಾರದು. ಬಾಡಿಗೆಯನ್ನೂ ಸೇರಿಸಿದ ಹಳೆಯ ಕೋಷ್ಟಕವೊಂದನ್ನು ನಾವು ಬಹುಕಾಲ ಬಳಸಿದೆವು. ಅಗತ್ಯವಿಲ್ಲದ ವೇಗದಲ್ಲಿ ಆ ದಿನಗಳಲ್ಲಿ ಎಷ್ಟು ಇಂಧನ ಸುಟ್ಟೆವೆಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಉರಿದ ಒಂದೊಂದು ಕಿಲೋ ಇಂಧನವೂ ಮೂರು ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಸೇರಿಸುತ್ತದೆ.

ಇದಕ್ಕಿಂತ ಮುಖ್ಯವಾಗಿ, ನಿಮಿಷದ ಬೆಲೆ ಇಳಿಜಾರಿನಂತೆ ಸಮನಾಗಿ ಏರುವುದಿಲ್ಲ, ಮೆಟ್ಟಿಲಿನಂತೆ ಏರುತ್ತದೆ. ಹತ್ತು ನಿಮಿಷ ತಡವಾದರೂ ಏನೂ ಕೆಡದ ವಿಮಾನಗಳಿವೆ. ಹನ್ನೊಂದನೆಯ ನಿಮಿಷಕ್ಕೆ ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿದು ಮುಂದಿನ ಹಾರಾಟವೇ ರದ್ದಾಗುವ ವಿಮಾನಗಳೂ ಇವೆ. ದೂರದ ಊರಿಗೆ ವಿಮಾನ ಬದಲಿಸಬೇಕಾದ ಮೂವತ್ತು ಪ್ರಯಾಣಿಕರಿದ್ದಾಗ ಐದು ನಿಮಿಷಕ್ಕೆ ಸಿಗುವ ಬೆಲೆಯನ್ನು ಯಾವ ಸರಾಸರಿಯೂ ಹೇಳಲಾರದು.

2023ರ ಆರಂಭದಲ್ಲಿ ಮಂಗಳೂರಿನ ರನ್‌ವೇ ಮೇಲ್ಮೈಯನ್ನು ಹೊಸದಾಗಿ ಹಾಸುವ ಕೆಲಸಕ್ಕಾಗಿ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ಅಲ್ಲಿ ವಿಮಾನ ಸಂಚಾರ ನಿಲ್ಲಿಸಲಾಗಿತ್ತು. ಸಂಜೆ ರನ್‌ವೇ ತೆರೆಯುವ ಹೊತ್ತಿಗೆ ತಲುಪಬೇಕಾದ ವಿಮಾನ ಹತ್ತು ನಿಮಿಷ ಮುಂಚೆ ಹೋದರೆ ಸಿಗುವುದು ಸುತ್ತಾಟ ಮಾತ್ರ. ಅಂಥ ಹಾರಾಟಕ್ಕೆ ನಾನು ಅಂಕಿಯನ್ನು ಸೊನ್ನೆಯ ಹತ್ತಿರಕ್ಕೆ ತಂದು, ಹೊರಡುವ ಸಮಯವನ್ನೇ ಕೊಂಚ ಹಿಂದೂಡುವಂತೆ ಕೇಳುತ್ತಿದ್ದೆ. ಬೆಳಗಿನ ಗಡುವಿಗೆ ಮುನ್ನ ಅಲ್ಲಿಂದ ಮರಳಿ ಹೊರಡಬೇಕಾದ ವಿಮಾನ ತಡವಾಗಿದ್ದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತಿತ್ತು, ಏಕೆಂದರೆ ಗಡುವು ತಪ್ಪಿದರೆ ಆ ವಿಮಾನ ಸಂಜೆಯವರೆಗೂ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಗಾಳಿಯ ವಿಷಯವನ್ನೂ ಹೇಳಬೇಕು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಪ್ರವಾಹ 100 ನಾಟ್, ಅಂದರೆ ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗ, ಮೀರುವುದುಂಟು. ಗುವಾಹಟಿಯಿಂದ ದೆಹಲಿಗೆ ಬರುವ ವಿಮಾನಕ್ಕೆ ಅದು ಎದುರುಗಾಳಿ. ಎದುರುಗಾಳಿಯಲ್ಲಿ ತುಸು ವೇಗವಾಗಿ, ಹಿಂಗಾಳಿಯಲ್ಲಿ ತುಸು ನಿಧಾನವಾಗಿ ಹಾರುವುದೇ ಲಾಭ. ಗಾಳಿಯ ಸರಿಯಾದ ಮಾಹಿತಿ ತುಂಬಿದ್ದರೆ ಕಂಪ್ಯೂಟರ್ ಈ ಹೊಂದಾಣಿಕೆಯನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಗಾಳಿಗೆ ಹೆದರಿ ಅಂಕಿಯನ್ನು ಬದಲಿಸುವುದನ್ನು ನಾನು ಬಿಟ್ಟಿದ್ದೇನೆ.

ಈಗ ತಡವಾದ ವಿಮಾನದ ಪ್ಲಾನ್ ಮಾಡುವ ಮೊದಲು ತಲುಪುವ ಊರಿನ ದಟ್ಟಣೆ, ಅಲ್ಲಿ ನಿಲುಗಡೆಯ ಜಾಗ ಖಾಲಿ ಇದೆಯೇ ಎಂಬುದು, ಸಿಬ್ಬಂದಿಯ ಉಳಿದ ಅವಧಿ, ವಿಮಾನ ಬದಲಿಸುವ ಪ್ರಯಾಣಿಕರ ಸಂಖ್ಯೆ ಇಷ್ಟನ್ನೂ ನೋಡುತ್ತೇನೆ. ಅಂಕಿ ಬದಲಿಸಿದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆದು ಕ್ಯಾಪ್ಟನ್‌ಗೆ ಕಳುಹಿಸುತ್ತೇನೆ. ಕಾರಣ ಗೊತ್ತಿದ್ದರೆ, ದಾರಿಯಲ್ಲಿ ಪರಿಸ್ಥಿತಿ ಬದಲಾದಾಗ ಅವರೇ ಅದನ್ನು ಮತ್ತೆ ಇಳಿಸುತ್ತಾರೆ.