ಟಾಯ್ಲೆಟ್ ಶೆಲ್ಫಿಗೂ ಲ್ಯಾಬ್ ನಿಯಮ: ಮನೆಯ ಕೆಮಿಕಲ್‌ಗಳನ್ನು ನಾನು ಹದಕ್ಕೆ ತಂದ ಬಗೆ

ಬ್ಲೀಚ್ ಮತ್ತು ಆಸಿಡ್ ಒಂದೇ ಕಪಾಟಿನಲ್ಲಿ ಇರಬಾರದು. ಕೆಮಿಸ್ಟ್ರಿ ಲ್ಯಾಬ್‌ಗೆ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೇಳುವ ಮಾತಿದು. ಹೆಸರು ಬರೆಯದ ಬಾಟಲಿ ಇಡಬಾರದು, ಕುಡಿಯುವ ಪಾತ್ರೆಗೆ ಕೆಮಿಕಲ್ ಹಾಕಬಾರದು, ಗಾಳಿ ಆಡದ ಕಡೆ ಮುಚ್ಚಳ ತೆಗೆಯಬಾರದು. ಈ ನಿಯಮಗಳಲ್ಲಿ ಒಂದನ್ನು ಮೀರಿದರೂ ಲ್ಯಾಬ್‌ನಲ್ಲಿ ಬೈಸಿಕೊಳ್ಳುವುದು ಖಂಡಿತ. ಆದರೆ ಅದೇ ಬ್ಲೀಚ್, ಅದೇ ಆಸಿಡ್ ನಮ್ಮ ಟಾಯ್ಲೆಟ್ ಶೆಲ್ಫಿನಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ಯಾರೂ ಏನೂ ಅನ್ನುವುದಿಲ್ಲ.

ನಾನು ಬಹಳ ವರ್ಷ ಲ್ಯಾಬ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದವಳು. ಮನೆಯಲ್ಲಿ ಮಗು ತೆವಳಲು ಶುರು ಮಾಡಿದ ಮೇಲೆ, ಲ್ಯಾಬ್‌ನ ನಿಯಮಗಳನ್ನೇ ಮನೆಗೂ ತರೋಣ ಅಂತ ತೀರ್ಮಾನ ಮಾಡಿದೆ. ಹೇಗೆ ಮಾಡಿದೆ, ಯಾವುದನ್ನು ಬಿಟ್ಟೆ, ಯಾವುದನ್ನು ಇಟ್ಟುಕೊಂಡೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ, ಮನೆಯಲ್ಲಿದ್ದ ಎಲ್ಲ ಬಾಟಲಿ, ಡಬ್ಬಿ, ಸ್ಪ್ರೇಗಳನ್ನು ತಂದು ಒಂದೇ ಕಡೆ ಇಟ್ಟಿದ್ದು. ಸಿಂಕ್ ಕೆಳಗಿನವು, ಟಾಯ್ಲೆಟ್‌ನವು, ಬಟ್ಟೆ ಬೀರುವಿನವು, ಅಟ್ಟದ ಮೇಲಿನ ಪೇಂಟ್ ಮತ್ತು ಥಿನ್ನರ್, ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿ ಎಲ್ಲವೂ. ಒಂದು ಮನೆಯಲ್ಲಿ ಇಷ್ಟೊಂದು ಇರುತ್ತದೆ ಅಂತ ಎಲ್ಲವನ್ನೂ ಒಟ್ಟಿಗೆ ನೋಡುವವರೆಗೂ ಗೊತ್ತಾಗುವುದಿಲ್ಲ. ನೀವೂ ಒಮ್ಮೆ ಹೀಗೆ ಮಾಡಿ ನೋಡಿ. ಆದರೆ ಕಿಟಕಿ ತೆರೆದಿರಲಿ, ಮಕ್ಕಳು ಹತ್ತಿರ ಇರುವುದು ಬೇಡ.

ಆಮೇಲೆ ಲೇಬಲ್ ಓದುತ್ತಾ ಕೂತೆ. ಮುಂಭಾಗದಲ್ಲಿ ಹೂವು, ನಿಂಬೆ, ಹೊಳೆಯುವ ನೆಲದ ಚಿತ್ರ ಇರುತ್ತದೆ. ಬೇಕಾದ ವಿಷಯವೆಲ್ಲ ಹಿಂದೆ ಸಣ್ಣ ಅಕ್ಷರದಲ್ಲಿ. ಕೆಂಪು ಅಂಚಿನ ವಜ್ರಾಕಾರದ ಗುರುತು ಇದೆಯಾ ಅಂತ ಮೊದಲು ನೋಡಬೇಕು. ಅದರೊಳಗೆ ಕೈ ಮೇಲೆ ಏನೋ ಸುರಿದು ಸುಡುತ್ತಿರುವ ಚಿತ್ರ ಇದ್ದರೆ ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ತಲೆಬುರುಡೆ ಇದ್ದರೆ ಸ್ವಲ್ಪವೇ ಸಾಕು ಪ್ರಾಣಕ್ಕೆ ಕುತ್ತು. ‘ವಾರ್ನಿಂಗ್’ ಅಂತ ಇದ್ದರೆ ಎಚ್ಚರಿಕೆ, ‘ಡೇಂಜರ್’ ಅಂತ ಇದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ.

ಲೇಬಲ್‌ನಲ್ಲಿ ಏನೂ ತಿಳಿಯದಿದ್ದರೆ ‘ಸೇಫ್ಟಿ ಡೇಟಾ ಶೀಟ್’, ಅಂದರೆ ಆ ವಸ್ತುವಿನ ಅಪಾಯಗಳ ಬಗ್ಗೆ ಕಂಪನಿ ಕೊಡುವ ವಿವರಪತ್ರ, ಹುಡುಕಿ. ಪ್ರಾಡಕ್ಟ್ ಹೆಸರಿನ ಜೊತೆ ಈ ಮೂರು ಪದ ಹಾಕಿ ಹುಡುಕಿದರೆ ಹೆಚ್ಚಿನವು ಸಿಗುತ್ತವೆ. ಅದರಲ್ಲಿ 16 ಭಾಗಗಳಿರುತ್ತವೆ. ಎಲ್ಲ ಓದುವ ಅಗತ್ಯವಿಲ್ಲ. 3ನೇ ಭಾಗದಲ್ಲಿ ಒಳಗೇನಿದೆ, 4ರಲ್ಲಿ ಮೈಗೆ, ಕಣ್ಣಿಗೆ, ಹೊಟ್ಟೆಗೆ ಹೋದರೆ ಏನು ಮಾಡಬೇಕು, 10ರಲ್ಲಿ ಯಾವುದರ ಜೊತೆ ಸೇರಿಸಬಾರದು ಅಂತ ಇರುತ್ತದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ 10ನೇ ಭಾಗ. ಒಂದು ಕಂಪನಿಯದು ಎಲ್ಲೂ ಸಿಗಲಿಲ್ಲ. ಬರೆದು ಕೇಳಿದೆ. ನಮ್ಮ ಫಾರ್ಮುಲಾ ಗುಟ್ಟಿನದು, ಹೇಳಲಾಗದು ಅಂತ ಉತ್ತರ ಬಂತು. ನಮ್ಮ ಮನೆಯ ನೆಲಕ್ಕೆ ದಿನಾ ಹಚ್ಚುವ ವಸ್ತುವಿನಲ್ಲಿ ಏನಿದೆ ಅಂತ ನಮಗೇ ಹೇಳುವುದಿಲ್ಲ ಅಂದರೆ ಅದನ್ನು ಕೊಳ್ಳುವುದು ಯಾಕೆ? ಅಂದೇ ನಿಲ್ಲಿಸಿದೆ.

ಈಗ ಬ್ಲೀಚ್ ವಿಷಯಕ್ಕೆ ಬರುತ್ತೇನೆ. ಇಡೀ ಮನೆಯಲ್ಲಿ ನನಗೆ ಅತಿ ಹೆಚ್ಚು ಭಯ ಇದ್ದದ್ದು ಇದರ ಮೇಲೆಯೇ. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಬ್ಲೀಚ್ ಅಂದರೆ ನೀರಿನಲ್ಲಿ ಕರಗಿಸಿದ ಸೋಡಿಯಂ ಹೈಪೋಕ್ಲೋರೈಟ್. ಎಷ್ಟೋ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್, ಕೆಲವದರಲ್ಲಿ 10%ದಷ್ಟು. ಕಲೆ ಹೋಗುತ್ತಿಲ್ಲ ಅಂತ ಒಂದರ ಮೇಲೆ ಇನ್ನೊಂದನ್ನು ಸುರಿದರೆ ಆ ಕ್ಷಣವೇ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರು ಸೈನಿಕರ ಮೇಲೆ ಬಿಟ್ಟದ್ದು ಇದೇ ಗ್ಯಾಸನ್ನು. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದಕ್ಕೇ ಮೇಲಕ್ಕೆ ಹೋಗದೆ ನೆಲದ ಹತ್ತಿರವೇ ನಿಲ್ಲುತ್ತದೆ. ಟಾಯ್ಲೆಟ್ ಉಜ್ಜುವವರ ಮುಖ ಎಲ್ಲಿರುತ್ತದೆ ಅಂತ ಯೋಚಿಸಿ. ಬಗ್ಗಿ ಕೂತಿರುತ್ತಾರೆ, ಮುಖ ಕಮೋಡಿನ ಹತ್ತಿರವೇ ಇರುತ್ತದೆ, ಎಷ್ಟೋ ಸಲ ಬಾಗಿಲೂ ಮುಚ್ಚಿರುತ್ತದೆ.

ಆಸಿಡ್ ಅಂದರೆ ಟಾಯ್ಲೆಟ್ ಕ್ಲೀನರ್ ಒಂದೇ ಅಲ್ಲ. ವಿನೆಗರ್ ಕೂಡ ಆಸಿಡ್ಡೇ. ನಲ್ಲಿಯ ಬಿಳಿ ಕಲೆ ತೆಗೆಯುವ ದ್ರಾವಣವೂ ಆಸಿಡ್. ‘ನ್ಯಾಚುರಲ್’ ಅಂತ ಬ್ಲೀಚ್ ನೀರಿಗೆ ವಿನೆಗರ್ ಹಾಕಿದರೂ ಕ್ಲೋರಿನ್ ಬರುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಅನ್ನುವ ಇನ್ನೊಂದು ವಿಷಗ್ಯಾಸ್. ರಬ್ಬಿಂಗ್ ಆಲ್ಕೋಹಾಲ್ (ಗಾಯ ಒರೆಸುವ ಸ್ಪಿರಿಟ್) ಜೊತೆ ಸೇರಿದರೆ ಕ್ಲೋರೋಫಾರ್ಮ್‌ನಂಥ ವಸ್ತುಗಳು ಆಗಬಹುದು. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಮೂತ್ರದಲ್ಲಿ ಯೂರಿಯಾ ಇರುತ್ತದೆ, ಹಳೆಯದಾದಂತೆ ಅಮೋನಿಯಾ ಆಗುತ್ತದೆ. ಮೂತ್ರದ ವಾಸನೆ ಹೊಡೆಯುತ್ತಿರುವ ಕಡೆ ನೇರವಾಗಿ ಬ್ಲೀಚ್ ಸುರಿದಾಗ ಬರುವ ಘಾಟು ಇದೆಯಲ್ಲ, ಅದು ಶುಭ್ರವಾಗುತ್ತಿರುವ ವಾಸನೆ ಅಲ್ಲ, ಕ್ಲೋರಮೀನ್. ಮೊದಲು ಸಾಕಷ್ಟು ನೀರು ಹಾಕಿ ತೊಳೆದು ಆಮೇಲೆ ಬ್ಲೀಚ್ ಹಾಕಬೇಕು.

ನಾನೀಗ ಬಳಸುವ ಕ್ರಮ ಇಷ್ಟೇ. ನೆಲವನ್ನೋ ಸಿಂಕನ್ನೋ ಮೊದಲು ಸೋಪಿನಿಂದ ತೊಳೆಯುತ್ತೇನೆ. ಕೊಳೆ ಇದ್ದ ಕಡೆ ಬ್ಲೀಚಿನ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ, ಕೀಟಾಣು ಹಾಗೇ ಉಳಿಯುತ್ತದೆ. ಆಮೇಲೆ, ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿಯೋ ಸೋಂಕೋ ಇದ್ದರೆ ಮಾತ್ರ ಬ್ಲೀಚ್. 5%ದ ಬ್ಲೀಚ್ ಆದರೆ ಒಂದು ಪಾಲಿಗೆ 49 ಪಾಲು ನೀರು, ಅಂದರೆ 20 ಮಿಲಿ ಬ್ಲೀಚಿಗೆ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ 0.1% ಆಗುತ್ತದೆ. ಕೋವಿಡ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೇಲ್ಮೈಗಳನ್ನು ಒರೆಸಲು ಹೇಳಿದ್ದೂ ಈ ಪ್ರಮಾಣವನ್ನೇ. ಬಿಸಿನೀರು ಬೇಡ, ತಣ್ಣೀರೇ ಸಾಕು. ಅವತ್ತಿನದು ಅವತ್ತೇ ಮಾಡಿ, ಉಳಿದದ್ದನ್ನು ಚೆಲ್ಲಬೇಕು. ಇಟ್ಟರೆ ಬೆಳಕಿಗೂ ಸೆಕೆಗೂ ಶಕ್ತಿ ಕಳೆದುಕೊಳ್ಳುತ್ತದೆ. ಕೈಗೆ ಗ್ಲೌಸ್, ಕಿಟಕಿ ತೆರೆದಿರಬೇಕು, ಎಕ್ಸಾಸ್ಟ್ ಫ್ಯಾನ್ ಓಡುತ್ತಿರಬೇಕು.

ಆಸಿಡ್ ಕ್ಲೀನರ್ ಮಾತ್ರ ಟಾಯ್ಲೆಟ್‌ನಲ್ಲಿ ಉಳಿಯಿತು. ಬ್ಲೀಚ್ ಇನ್ನೊಂದು ಕೋಣೆಯ ಎತ್ತರದ, ಬೀಗ ಇರುವ ಕಪಾಟಿಗೆ ಹೋಯಿತು. ಒಂದನ್ನು ತರಲು ಎದ್ದು ನಡೆದು ಹೋಗಬೇಕು ಅಂದರೆ ಎರಡನ್ನೂ ಒಟ್ಟಿಗೆ ಸುರಿಯುವ ಸಂದರ್ಭವೇ ಬರುವುದಿಲ್ಲ. ಎಚ್ಚರದಿಂದಿರಿ ಅಂತ ನೂರು ಸಲ ಹೇಳುವುದಕ್ಕಿಂತ ಇದು ಒಳ್ಳೆಯದು. ದಣಿದವರಿಗೆ ಬುದ್ಧಿಮಾತು ನೆನಪಿರುವುದಿಲ್ಲ ಅಲ್ವಾ? ಮನೆಗೆಲಸಕ್ಕೆ ಬರುವ ಅಕ್ಕನಿಗೂ ಕೂತು ವಿವರಿಸಿದೆ. ನಮ್ಮ ಮನೆಗಿಂತ ಹೆಚ್ಚಾಗಿ ಆಕೆಯ ಶ್ವಾಸಕೋಶದ ಪ್ರಶ್ನೆ ಇದು, ದಿನಕ್ಕೆ ಎಷ್ಟೋ ಟಾಯ್ಲೆಟ್ ತೊಳೆಯುವವರು ಅವರೇ. ‘ಕೆಲವು ಮನೇಲಿ ಎರಡೂ ಹಾಕು ಅಂತಾರಮ್ಮ, ಕಣ್ಣುರಿ ಬಂದುಬಿಡುತ್ತೆ’ ಅಂದರು. ‘ಹಾಗೆ ಹೇಳಿದ್ರೆ ಆಗಲ್ಲ ಅನ್ನಿ ಅಕ್ಕ. ಅಪ್ಪಿತಪ್ಪಿ ಸೇರಿದ್ರೆ ಅಲ್ಲಿ ನಿಂತು ನೀರು ಹಾಕೋಕೆ ಹೋಗಬೇಡಿ, ಬಾಗಿಲು ತೆರೆದು ತಕ್ಷಣ ಆಚೆ ಬಂದುಬಿಡಿ’ ಅಂದೆ. ಈ ಗ್ಯಾಸ್ ಕುಡಿದ ಮೇಲೆ ಮೊದಲು ಬರೀ ಕೆಮ್ಮು ಬಂದು, ಕೆಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದೂ ಉಂಟು. ಉಸಿರಾಟ ಸ್ವಲ್ಪ ಕಷ್ಟ ಅನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು.

ಬಟ್ಟೆ ಬೀರುವಿನ ಡಾಂಬರು ಗುಳಿಗೆಯದು ಬೇರೆಯದೇ ಕಥೆ. ಬಿಳಿ ಉಂಡೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಹೋಗುತ್ತದೆ. ಅದು ಕರಗಿ ನೀರಾಗುವುದಿಲ್ಲ, ನೇರವಾಗಿ ಆವಿಯಾಗುತ್ತದೆ. ಆ ಆವಿ ಹೋಗುವುದು ಬಟ್ಟೆಗೆ ಮತ್ತು ನಮ್ಮ ಮೂಗಿಗೆ. ಹೆಚ್ಚಿನವು ನ್ಯಾಫ್ತಲೀನ್, ಕೆಲವು ಪ್ಯಾರಾ ಡೈಕ್ಲೋರೋಬೆಂಜೀನ್. ಎರಡನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ’ ಪಟ್ಟಿಯಲ್ಲಿ ಇಟ್ಟಿದೆ. ಆದರೆ ನನ್ನ ಚಿಂತೆ ಅದಲ್ಲ, ಕೂಸಿನದು. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಕೆಲವರಿಗಿರುತ್ತದೆ, ಗಂಡು ಮಕ್ಕಳಲ್ಲಿ ಜಾಸ್ತಿ. ಅಂಥ ಕೂಸಿಗೆ ಡಾಂಬರು ಗುಳಿಗೆ ಜೊತೆ ಇಟ್ಟಿದ್ದ ಬಟ್ಟೆ ಹಾಕಿದರೆ, ಹೊದಿಸಿದರೆ, ಕೆಂಪು ರಕ್ತಕಣಗಳು ಒಡೆದು ಕಾಮಾಲೆ ವಿಪರೀತಕ್ಕೆ ಹೋಗಬಹುದು. ವೈದ್ಯಕೀಯದಲ್ಲಿ ಇದು ದಾಖಲಾದ ವಿಷಯ.

ಅತ್ತೆ ಒಪ್ಪಲಿಲ್ಲ. ‘ಇಷ್ಟು ವರ್ಷ ಇಟ್ಕೊಂಡು ಬಂದಿದ್ದೀವಲ್ಲಮ್ಮ, ಏನಾಗಿದೆ?’ ಅಂದರು. ‘ನಮಗೆ ಏನೂ ಆಗಿಲ್ಲ ಅತ್ತೆ. ಆದರೆ ಪಾಪುಗೆ ಆ ಕೊರತೆ ಇದೆಯೋ ಇಲ್ವೋ, ಟೆಸ್ಟ್ ಮಾಡಿಸಿಲ್ವಲ್ಲ’ ಅಂದೆ. ಮರುದಿನ ಅವರೇ ಬೀರು ಖಾಲಿ ಮಾಡಿ, ಬಟ್ಟೆಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕಿದರು. ನುಸಿ ತಡೆಯಲು ಈಗ ಮಾಡುವುದು ಇಷ್ಟು: ಉಣ್ಣೆ ಬಟ್ಟೆಯನ್ನು ಒಗೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡುವುದು. ಬೆವರು, ಕಲೆ ಇರುವ ಬಟ್ಟೆಗೇ ನುಸಿ ಮೊದಲು ಹತ್ತುವುದು.

ಸೊಳ್ಳೆ ಬತ್ತಿಯನ್ನು ಬಿಡುವುದು ಇಷ್ಟು ಸುಲಭ ಅಲ್ಲ. ಸೊಳ್ಳೆಯೂ ರೋಗ ತರುತ್ತದೆ, ಹಾಗಾಗಿ ಸುಮ್ನೆ ಬಿಡಿ ಅಂತ ಹೇಳಲು ನಾನು ತಯಾರಿಲ್ಲ. ಆದರೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಅಂತ ಕಂಡುಬಂತು. ಅದನ್ನು ಓದಿದ ಮೇಲೆ ಮಲಗುವ ಕೋಣೆಯ ಬಾಗಿಲು ಮುಚ್ಚಿ ಬತ್ತಿ ಹಚ್ಚುವ ಮಾತೇ ಇಲ್ಲ. ಕಿಟಕಿಗೆ ಜಾಲರಿ, ಹಾಸಿಗೆಗೆ ಪರದೆ ಬಂತು. ಖರ್ಚು ಒಂದೇ ಸಲ.

ಪರಿಮಳದ ವಸ್ತುಗಳನ್ನು ಮಾತ್ರ ಮುಲಾಜಿಲ್ಲದೆ ತೆಗೆದೆ. ರೂಂ ಫ್ರೆಶ್ನರ್ ಕೆಟ್ಟ ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ, ಅಷ್ಟೇ. ಲೇಬಲ್‌ನಲ್ಲಿ ‘ಫ್ರೇಗ್ರೆನ್ಸ್’ ಅನ್ನುವ ಒಂದೇ ಪದದ ಹಿಂದೆ ಹತ್ತಾರು ಕೆಮಿಕಲ್ ಇರಬಹುದು. ನಿಂಬೆ, ಕಿತ್ತಳೆ ಪರಿಮಳ ಕೊಡುವ ಲಿಮೋನೀನ್ ಗಾಳಿಯಲ್ಲಿರುವ ಓಜೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಆಗುತ್ತದೆ. ಫಾರ್ಮಾಲ್ಡಿಹೈಡನ್ನು ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಹೊಸ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಕಪಾಟಿನ ಬಾಗಿಲು ತೆಗೆದಾಗ ಕಣ್ಣು ಚುರ್ ಅನ್ನಿಸುವುದು ಹೆಚ್ಚಾಗಿ ಇದರಿಂದಲೇ. ಸೆಕೆ, ತೇವ ಜಾಸ್ತಿ ಇದ್ದರೆ ಇನ್ನೂ ಹೆಚ್ಚು ಹೊರಬರುತ್ತದೆ. ಹೊಸ ಕಪಾಟು ಬಂದರೆ ಬಾಗಿಲು, ಡ್ರಾಯರ್ ಎಲ್ಲ ತೆರೆದಿಟ್ಟು, ಘಾಟು ಹೋಗುವವರೆಗೆ ಕೋಣೆಗೆ ಗಾಳಿ ಆಡಿಸಿ. ಆ ಕೋಣೆಯಲ್ಲಿ ಮಗುವನ್ನು ಮಲಗಿಸಬೇಡಿ.

ಕೀಟಾಣು ಕೊಲ್ಲುವ ಸೋಪು ಬೇಕಾಗಿಲ್ಲ. ಟ್ರೈಕ್ಲೋಸಾನ್ ಸೇರಿ 19 ಕೀಟಾಣುನಾಶಕಗಳಲ್ಲಿ ಯಾವುದಾದರೂ ಇರುವ ಕೈ ತೊಳೆಯುವ ಸೋಪುಗಳ ಮಾರಾಟ ನಿಲ್ಲಿಸುವಂತೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಹೇಳಿತು. ಸಾದಾ ಸೋಪು ನೀರಿಗಿಂತ ಇವು ಮೇಲು ಅನ್ನುವುದಕ್ಕೆ ಕಂಪನಿಗಳು ಪುರಾವೆ ಕೊಡಲಿಲ್ಲ. ನಾನ್‌ಸ್ಟಿಕ್ ಬಾಣಲೆಯನ್ನು ಎಸೆದಿಲ್ಲ, ಆದರೆ ಖಾಲಿ ಬಾಣಲೆಯನ್ನು ಜೋರು ಉರಿಯಲ್ಲಿ ಬಿಡುವುದಿಲ್ಲ. 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಲೇಪ ಹಾಳಾಗಲು ಶುರುವಾಗುತ್ತದೆ. ತೀರಾ ಕಾದಾಗ ಏಳುವ ಹೊಗೆಗೆ ಪಂಜರದ ಹಕ್ಕಿಗಳು ಸತ್ತಿವೆ.

‘ಎಲ್ಲ ಬಿಟ್ಟು ಬೇಕಿಂಗ್ ಸೋಡಾ, ವಿನೆಗರ್ ಮಿಕ್ಸ್ ಮಾಡಿ ಬಳಸಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಒಂದು ಕ್ಷಾರ, ಒಂದು ಆಸಿಡ್. ಸೇರಿಸಿದರೆ ನೊರೆ ಬರುತ್ತದೆ, ನೋಡಲು ಚೆಂದ. ನೊರೆ ಇಳಿದ ಮೇಲೆ ಉಳಿಯುವುದು ಬಹುಪಾಲು ಸೋಡಿಯಂ ಅಸಿಟೇಟ್ ಕರಗಿದ ನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಕೆಲಸ ಮಾಡುತ್ತವೆ. ಜಿಡ್ಡಿಗೆ, ಉಜ್ಜುವುದಕ್ಕೆ ಸೋಡಾ, ನಲ್ಲಿಯ ಬಿಳಿ ಕಲೆಗೆ ವಿನೆಗರ್.

ಬಾಟಲಿ ಬದಲಿಸಬಾರದು ಅನ್ನುವ ನಿಯಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಫಿನಾಯಿಲ್, ಥಿನ್ನರ್, ಸೀಮೆಎಣ್ಣೆಯನ್ನು ಜ್ಯೂಸ್ ಬಾಟಲಿಗೋ ನೀರಿನ ಬಾಟಲಿಗೋ ಹಾಕಿಡುವ ಮನೆಗಳಲ್ಲಿ ಮಕ್ಕಳು ಅದನ್ನು ಕುಡಿಯುತ್ತಾರೆ. ಬಾಯಾರಿದ ದೊಡ್ಡವರೂ ಕುಡಿದದ್ದಿದೆ. ಕುಡಿದರೆ ವಾಂತಿ ಮಾಡಿಸಬೇಡಿ. ಆಸಿಡ್, ಕಾಸ್ಟಿಕ್ ಸೋಡಾ ಇಳಿಯುವಾಗ ಸುಟ್ಟ ಗಂಟಲನ್ನು ಹತ್ತುವಾಗ ಮತ್ತೊಮ್ಮೆ ಸುಡುತ್ತವೆ. ಸೀಮೆಎಣ್ಣೆ, ಥಿನ್ನರ್ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿಯುತ್ತವೆ. ಬಾಟಲಿಯನ್ನೂ ಎತ್ತಿಕೊಂಡು ಆಸ್ಪತ್ರೆಗೆ ಓಡಿ, ಡಾಕ್ಟರಿಗೆ ಲೇಬಲ್ ಬೇಕಾಗುತ್ತದೆ. ಕಣ್ಣಿಗೆ ಬಿದ್ದರೆ ರೆಪ್ಪೆ ಅಗಲಿಸಿ ಹಿಡಿದು 15ರಿಂದ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಅಷ್ಟು ಹೊತ್ತು ಬಹಳ ದೀರ್ಘ ಅನಿಸುತ್ತದೆ, ಆದರೂ ನಡುವೆ ನಿಲ್ಲಿಸಬೇಡಿ. ಸಮೀಪದ ವಿಷ ಮಾಹಿತಿ ಕೇಂದ್ರದ ನಂಬರ್ ಕಪಾಟಿನ ಬಾಗಿಲಿಗೇ ಅಂಟಿಸಿದ್ದೇನೆ.

ಬೇಡವಾದದ್ದನ್ನು ಎಸೆಯುವುದೂ ಒಂದು ಕೆಲಸವೇ. ಎಲ್ಲವನ್ನೂ ಒಂದೇ ಸಿಂಕಿಗೆ ಸುರಿದರೆ ಕಪಾಟಿನಲ್ಲಿ ತಪ್ಪಿಸಿದ್ದು ಪೈಪಿನೊಳಗೆ ಆಗುತ್ತದೆ. ಖಾಲಿಯಾಗಲು ಬಂದಿದ್ದ ಕ್ಲೀನರ್‌ಗಳನ್ನು ಬೇರೆ ಬೇರೆ ದಿನ, ಅವುಗಳ ಕೆಲಸಕ್ಕೇ ಬಳಸಿ ಮುಗಿಸಿದೆ. ಪೇಂಟ್, ಥಿನ್ನರ್, ಜಿರಳೆ ಸ್ಪ್ರೇ, ಹಳೆಯ ಪಾದರಸದ ಥರ್ಮಾಮೀಟರ್ ಚರಂಡಿಗೂ ಹೋಗಬಾರದು, ಬೆಂಕಿಗೂ ಹಾಕಬಾರದು. ಮನೆಗಳ ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೇ ಕೊಡಬೇಕು. ಲೇಬಲ್ ಕಿತ್ತುಹೋಗಿದ್ದ ಒಂದು ಬಾಟಲಿಯೂ ಇತ್ತು. ಅದನ್ನು ಮೂಸಿ ನೋಡಲಿಲ್ಲ, ತೆರೆಯಲೂ ಇಲ್ಲ. ಬಿಗಿಯಾಗಿ ಮುಚ್ಚಿ, ‘ಏನೆಂದು ತಿಳಿದಿಲ್ಲ, ತೆರೆಯಬೇಡಿ’ ಅಂತ ದಪ್ಪಕ್ಷರದಲ್ಲಿ ಬರೆದು, ಉಳಿದವುಗಳ ಜೊತೆ ಸೇರಿಸದೆ ಬೇರೆಯಾಗಿ ಕೊಟ್ಟೆ.