ವರ್ಷಗಟ್ಟಲೆ ನಿಂತ ಬೈಕ್‌ಗೆ ಕಿಕ್ ಹೊಡೆಯುವ ಮುನ್ನ

ಮೂಲೆಯಲ್ಲಿ ನಾಲ್ಕೈದು ವರ್ಷ ನಿಂತಿದ್ದ ಬೈಕ್ ಹೊರಗೆ ತಂದವರು ಮೊದಲು ಮಾಡುವ ಕೆಲಸ ಒಂದೇ: ಧೂಳು ಒರೆಸಿ, ಒಂದು ಲೀಟರ್ ಪೆಟ್ರೋಲ್ ಸುರಿದು, ಚೋಕ್ ಎಳೆದು ಕಿಕ್ ಹೊಡೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ಇಷ್ಟು ಕಾಲದಲ್ಲಿ ಸಿಲಿಂಡರ್ ಗೋಡೆಯ ಆಯಿಲ್ ಪೂರ್ತಿ ಕೆಳಗಿಳಿದಿರುತ್ತದೆ. ವಾಲ್ವ್ ತೆರೆದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ತೇವವೂ ಒಳಹೊಕ್ಕು, ಪಿಸ್ಟನ್ ರಿಂಗ್ ಇರುವ ಜಾಗದಲ್ಲಿ ತುಕ್ಕು ಹಿಡಿದಿರುತ್ತದೆ. ಒಣಗಿದ ಬೋರ್‌ನಲ್ಲಿ (ಪಿಸ್ಟನ್ ಓಡಾಡುವ ಸಿಲಿಂಡರ್ ಒಳಭಾಗ) ಜೋರಾಗಿ ಹೊಡೆದ ನಾಲ್ಕು ಕಿಕ್‌ಗೆ ರಿಂಗ್ ಮುರಿಯಬಹುದು, ಬೋರ್‌ನಲ್ಲಿ ಗೀರು ಬೀಳಬಹುದು. ನಿಂತ ಅಷ್ಟೂ ವರ್ಷದಲ್ಲಿ ಆಗದ ಹಾನಿ ಈ ಐದು ನಿಮಿಷದಲ್ಲಿ ಆಗುತ್ತದೆ.

ಇಲ್ಲಿ ಹೇಳುವುದೆಲ್ಲ ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಇರುವ, ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗೆ ಅನ್ವಯಿಸುತ್ತದೆ.

ಎಂಜಿನ್ ತಿರುಗುತ್ತದೆಯೇ?

ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಪ್ಲಗ್ ಬಿಗಿಯಾಗಿದ್ದರೆ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬಲ ಪ್ರಯೋಗಿಸಿದರೆ ಅಲ್ಯೂಮಿನಿಯಂ ಹೆಡ್‌ನ ತ್ರೆಡ್ ಪ್ಲಗ್ ಜೊತೆಗೇ ಕಿತ್ತು ಬರುತ್ತದೆ.

ಪ್ಲಗ್ ತೂತಿನಲ್ಲಿ ಸಿರಿಂಜ್‌ನಿಂದ 10 ಮಿ.ಲೀ. ಎಂಜಿನ್ ಆಯಿಲ್ ಹಾಕಿ 24 ಗಂಟೆ ಕಾಯಿರಿ. ಮರುದಿನ ಬೈಕನ್ನು ಸೆಂಟರ್ ಸ್ಟ್ಯಾಂಡ್‌ಗೆ ಹಾಕಿ, ಮೊದಲು ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ತಿರುಗಿಸಿ. ಅಲ್ಲೇ ಬಿಗಿ ಅನ್ನಿಸಿದರೆ ಹಿಡಿದಿರುವುದು ಎಂಜಿನ್ ಅಲ್ಲ, ಬ್ರೇಕ್ ಅಥವಾ ಚೈನ್. ಚಕ್ರ ಸಲೀಸಾಗಿ ತಿರುಗಿದರೆ ಟಾಪ್ ಗೇರ್‌ಗೆ ಹಾಕಿ, ಚಕ್ರವನ್ನು ಕೈಯಿಂದ ಮುಂದಕ್ಕೆ ನಿಧಾನವಾಗಿ ತಿರುಗಿಸಿ. ಕಿಕ್ಕರ್‌ಗಿಂತ ಚಕ್ರವೇ ಮೇಲು. ಹಿಂದೆಮುಂದೆ ಎರಡೂ ಕಡೆ ಅಲ್ಲಾಡಿಸಬಹುದು, ಎಲ್ಲಿ ತಡೆಯುತ್ತಿದೆ ಎಂಬುದೂ ಕೈಗೆ ತಿಳಿಯುತ್ತದೆ.

ಸ್ವಲ್ಪವೂ ಕದಲದಿದ್ದರೆ ಪಿಸ್ಟನ್ ಜಾಮ್ ಆಗಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಬಳಸುವ ಆಯಿಲ್ ಮತ್ತು ಡೀಸೆಲ್ ಸಮ ಪ್ರಮಾಣದಲ್ಲಿ ಬೆರೆಸಿ, ಪಿಸ್ಟನ್ ತಲೆ ಮುಳುಗುವಷ್ಟು ಹಾಕಿ. ಮೂರು ದಿನ ಮುಟ್ಟಬೇಡಿ. ಆಮೇಲೆ ಚಕ್ರವನ್ನು ಹಿಂದೆಮುಂದೆ ಮೆಲ್ಲಗೆ ಅಲ್ಲಾಡಿಸಿ. ಒಂದು ಮಿಲಿಮೀಟರ್ ಸರಿದರೂ ಗೆದ್ದಂತೆಯೇ. ಆ ಹುರುಪಿನಲ್ಲಿ ಅವತ್ತೇ ಪೂರ್ತಿ ಸುತ್ತಿಸಲು ಹೋಗಬೇಡಿ. ಮತ್ತಷ್ಟು ಮಿಶ್ರಣ ಹಾಕಿ, ಮರುದಿನ ಇನ್ನಷ್ಟು ಸರಿಸಿ. ಎಂಜಿನ್ ತಿರುಗದೆ ಚಕ್ರ ಮಾತ್ರ ತಿರುಗಿದರೆ ಕ್ಲಚ್ ಜಾರುತ್ತಿದೆ. ಆಗ ಮ್ಯಾಗ್ನೆಟ್ ಕವರ್ ಬಿಚ್ಚಿ, ಕ್ರ್ಯಾಂಕ್ ತುದಿಯ ನಟ್‌ಗೆ ಪಾನಾ ಹಾಕಿ, ನಟ್ ಬಿಗಿಯಾಗುವ ದಿಕ್ಕಿನಲ್ಲೇ ತಿರುಗಿಸಿ. ಉಲ್ಟಾ ತಿರುಗಿಸಿದರೆ ನಟ್ ಸಡಿಲವಾಗುತ್ತದೆ. ಪ್ಲಗ್ ತೂತಿನಲ್ಲಿ ಕಂಬಿ ಇಟ್ಟು ಸುತ್ತಿಗೆಯಿಂದ ಹೊಡೆಯುವ ಉಪಾಯ ಹೇಳುವವರಿದ್ದಾರೆ. ಅದು ಪಿಸ್ಟನ್‌ಗೆ ತೂತು ಕೊರೆಯುವ ಉಪಾಯ.

ಸಲೀಸಾಗಿ ತಿರುಗುತ್ತಾ ಬಂದು ಪ್ರತಿ ಸಲವೂ ಒಂದೇ ಜಾಗದಲ್ಲಿ ಟಕ್ ಎಂದು ನಿಂತರೆ ಅಲ್ಲೇ ಕೈಬಿಡಿ. ವಾಲ್ವ್ ತೆರೆದೇ ಅಂಟಿಕೊಂಡು, ಪಿಸ್ಟನ್ ಅದಕ್ಕೆ ತಗಲುತ್ತಿರಬಹುದು. ಟ್ಯಾಪೆಟ್ ಕವರ್ (ಎಂಜಿನ್ ತಲೆಯಲ್ಲಿ ವಾಲ್ವ್‌ಗಳ ಮೇಲಿರುವ ಮುಚ್ಚಳ) ತೆಗೆದು ನೋಡಿ, ವಾಲ್ವ್ ಕಾಂಡಕ್ಕೆ ಎಣ್ಣೆ ಬಿಟ್ಟು ಸಡಿಲಿಸಿ. ತಳ್ಳಿ ಸ್ಟಾರ್ಟ್ ಮಾಡಲು ಹೋಗಿ ವಾಲ್ವ್ ಬಾಗಿಸಿಕೊಳ್ಳುವುದು ಈ ಹಂತದಲ್ಲೇ.

ಎಂಜಿನ್ ಸರಾಗವಾದ ಮೇಲೆ ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ ನಿಧಾನವಾಗಿ ತಿರುಗಿಸಿ, ಒಳಗಿನ ದ್ರವವನ್ನೆಲ್ಲ ಹೊರಹಾಕಲೇಬೇಕು. ಅದು ಒಳಗಿರುವಾಗಲೇ ಪ್ಲಗ್ ಹಾಕಿ ಕಿಕ್ ಹೊಡೆದರೆ, ದ್ರವ ಗಾಳಿಯಂತೆ ಕುಗ್ಗದ ಕಾರಣ ಪಿಸ್ಟನ್‌ಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಆಯಿಲ್, ಕಂಪ್ರೆಷನ್, ಕಿಡಿ

ಹಳೆಯ ಆಯಿಲ್ ಇಳಿಸಿ ಬಣ್ಣ ನೋಡಿ. ಹಾಲು ಬೆರೆತಂತಿದ್ದರೆ ನೀರು ಸೇರಿದೆ. ಮಟ್ಟ ಹೆಚ್ಚಾಗಿ ಪೆಟ್ರೋಲ್ ವಾಸನೆ ಬಂದರೆ ಫ್ಲೋಟ್ ನೀಡಲ್ (ಕಾರ್ಬ್ಯುರೇಟರ್‌ಗೆ ಬರುವ ಪೆಟ್ರೋಲ್ ತಡೆಯುವ ಸೂಜಿ) ಸೋರಿದೆ. ಆಯಿಲ್ ಸೋಸುವ ಜಾಲರಿ ತೊಳೆದು, ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡಿನ ಹೊಸ ಆಯಿಲ್ ತುಂಬಿ. ಬೇಗನೆ ಬದಲಿಸುವುದರಿಂದ ದುಬಾರಿಯದ್ದು ಬೇಡ. ಎಂಜಿನ್ ಫ್ಲಶ್ ಬಾಟಲಿಗಳ ತಂಟೆಗೂ ಹೋಗಬೇಡಿ: ತಳದ ಮಡ್ಡಿಯೆಲ್ಲ ಒಮ್ಮೆಲೇ ಎದ್ದು ಆಯಿಲ್ ದಾರಿ ಕಟ್ಟುತ್ತದೆ. ಪ್ಲಗ್ ಇಲ್ಲದೆಯೇ ಮೂವತ್ತು ನಲವತ್ತು ಮೆಲ್ಲಗಿನ ಕಿಕ್ ಕೊಟ್ಟು, ಟ್ಯಾಪೆಟ್ ಹತ್ತಿರ ಹೊಸ ಆಯಿಲ್ ಕಾಣಿಸುವವರೆಗೂ ಕಾಯಿರಿ. ಆಗ ಇಗ್ನಿಷನ್ ಆಫ್ ಇರಲಿ, ಬಿಚ್ಚಿದ ಪ್ಲಗ್ ಕ್ಯಾಪ್‌ಗೆ ಸಿಕ್ಕಿಸಿಕೊಂಡು ಎಂಜಿನ್‌ನ ಲೋಹಕ್ಕೆ ತಾಗಿರಲಿ.

ಸಿಲಿಂಡರ್ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕುವಾಗ ಥ್ರಾಟಲ್ ಪೂರ್ತಿ ತೆರೆದಿರಬೇಕು. 120 ಪಿಎಸ್‌ಐ ಮೇಲಿದ್ದರೆ ಚಿಂತೆಯಿಲ್ಲ. 90ಕ್ಕಿಂತ ಕಡಿಮೆ ಬಂದರೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ದೋಷ ರಿಂಗ್‌ನಲ್ಲಿ, ಏರದಿದ್ದರೆ ಬಹುಮಟ್ಟಿಗೆ ವಾಲ್ವ್‌ನಲ್ಲಿ. ಆದರೆ ಬಹಳ ಕಾಲ ನಿಂತ ಎಂಜಿನ್‌ನ ಮೊದಲ ಅಳತೆ ನಂಬಿ ಹೆಡ್ ಬಿಚ್ಚಬೇಡಿ. ಅಂಟಿದ ರಿಂಗ್ ಕೊಂಚ ಓಡಿದ ಮೇಲೆ ಎಷ್ಟೋ ಸಲ ತಾನಾಗಿಯೇ ಬಿಡುತ್ತದೆ.

ಕಿಡಿಗೆ ಹೊಸ ಪ್ಲಗ್ ಹಾಕಿ, ಗ್ಯಾಪ್ 0.6ರಿಂದ 0.7 ಮಿ.ಮೀ. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕೂಡಿಸಿ ಕಡಿಯುವ ಭಾಗ) ಇರುವ ಹಳೆಯ ಮಾದರಿಯಾದರೆ ಅದರ ಮುಖಗಳ ಮೇಲಿನ ಕಿಲುಬನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಗ್ಯಾಪ್ 0.35–0.4 ಮಿ.ಮೀ.ಗೆ ಹೊಂದಿಸಿ.

ಪೆಟ್ರೋಲ್ ದಾರಿ

ಹಳೆಯ ಪೆಟ್ರೋಲ್ ಪೂರ್ತಿ ಚೆಲ್ಲಬೇಕು, ಹೊಸದಕ್ಕೆ ಬೆರೆಸಿ ಉಳಿಸುವ ಆಸೆ ಬೇಡ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಎಥನಾಲ್ ಸಮೇತ ಬೇರ್ಪಟ್ಟು ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಸ್ಟೀಲ್ ಟ್ಯಾಂಕಿಗೆ ಬಿಳಿ ವಿನೆಗರ್ ತುಂಬಿ, ಮುಚ್ಚಳ ಬಿಗಿಯದೆ ಒಂದು ದಿನ ಬಿಡಿ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ. ಶೌಚಾಲಯ ತೊಳೆಯುವ ಆಸಿಡ್ ಬಳಸಿದರೆ ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ಹೋಸ್ ಪೈಪ್ ನೋಡಲು ಚೆನ್ನಾಗಿದ್ದರೂ ಬದಲಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯೇ ಗತಿ.

ಕಾರ್ಬ್ಯುರೇಟರ್‌ನಲ್ಲಿ ಎಲ್ಲರೂ ಮೇನ್ ಜೆಟ್ (ಪೆಟ್ರೋಲ್ ಹರಿಯುವ ದೊಡ್ಡ ತೂತಿನ ಬಿಲ್ಲೆ) ಊದಿ ಮುಗಿಸುತ್ತಾರೆ. ಕಟ್ಟಿಕೊಂಡಿರುವುದು ಸಾಮಾನ್ಯವಾಗಿ ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಕೊಡದೆ ಓಡುವಾಗ, ಪೆಟ್ರೋಲ್ ಒದಗಿಸುವ ಪೈಲಟ್ ಜೆಟ್. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಚೋಕ್ ಇದ್ದಾಗ ಮಾತ್ರ ಎಂಜಿನ್ ನಿಲ್ಲದೆ ಓಡುತ್ತದೆ, ಐಡಲ್ ಹಿಡಿಯುವುದಿಲ್ಲ ಎಂದರೆ ಮೊದಲು ಅದನ್ನೇ ನೋಡಿ. ರಬ್ಬರ್ ಭಾಗಗಳನ್ನೆಲ್ಲ ತೆಗೆದಿಟ್ಟು ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿ ಬಿಡಿ. ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ಚುಚ್ಚಲೇಬೇಕಾದರೆ ವೈರ್‌ನೊಳಗಿನ ಒಂದು ತಾಮ್ರದ ಎಳೆ ಸಾಕು. ಉಕ್ಕಿನ ತಂತಿ ತೂತನ್ನೇ ದೊಡ್ಡದು ಮಾಡುತ್ತದೆ. ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ ಬಿಚ್ಚುವ ಮೊದಲು ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ಕೂರುತ್ತದೆಂದು ಬರೆದಿಟ್ಟುಕೊಳ್ಳಿ.

ಮೊದಲ ಸ್ಟಾರ್ಟ್

ಏರ್ ಫಿಲ್ಟರ್ ಬಾಕ್ಸ್, ಸೈಲೆನ್ಸರ್ ಒಳಗೆ ಇಲಿ ಗೂಡಿಲ್ಲವೆಂದು ನೋಡಿ ಕಿಕ್ ಹೊಡೆಯಿರಿ. ಹತ್ತು ಹದಿನೈದು ಕಿಕ್‌ಗೂ ಬರದಿದ್ದರೆ ಪ್ಲಗ್ ತೂತಿಗೆ 2 ಮಿ.ಲೀ. ಪೆಟ್ರೋಲ್ ಹಾಕಿ ನೋಡಿ. ಎರಡು ಕ್ಷಣ ಓಡಿ ನಿಂತರೆ ಕಿಡಿ, ಕಂಪ್ರೆಷನ್ ಸರಿಯಿವೆ, ತೊಂದರೆ ಕಾರ್ಬ್ಯುರೇಟರ್‌ನದು. ಸ್ಟಾರ್ಟಿಂಗ್ ಸ್ಪ್ರೇ ಮಾತ್ರ ಬೇಡ: ಅದು ಬೋರ್‌ನ ಆಯಿಲ್ ತೊಳೆದುಹಾಕುತ್ತದೆ.

ಸ್ಟಾರ್ಟ್ ಆದ ಮೇಲೆ ರೇಸ್ ಮಾಡದೆ, ಐಡಲ್‌ಗಿಂತ ತುಸು ಮೇಲೆ ಐದು ನಿಮಿಷ ಓಡಿಸಿ, ಸೋರಿಕೆ ನೋಡಿ ಆರಿಸಿ. ಮೊದಲ ಹೊಗೆಗೆ ಹೆದರಬೇಡಿ, ಅದು ನೀವೇ ಹಾಕಿದ ಆಯಿಲ್ ಉರಿಯುವುದು. ಬ್ರೇಕ್, ಟೈರ್ ಸರಿಪಡಿಸಿಕೊಂಡು ನೂರು ಕಿ.ಮೀ. ಓಡಿಸಿ ಆಯಿಲ್ ಬದಲಿಸಿ. ಆಮೇಲೂ ಬೆಳಗಿನ ಸ್ಟಾರ್ಟ್‌ಗೆ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಗಟ್ಟಿಯಾಗಿದೆ. ವೇಗ ಹೆಚ್ಚಿಸಿದಾಗಲೆಲ್ಲ ಬಂದರೆ ಈಗ ರಿಂಗ್ ಬದಲಿಸಬೇಕು.