ಹಳೇ ಕನ್ವರ್ಟಿಬಲ್ ಕೊಳ್ಳುವ ಮುಂಚೆ ಕೆಳಗೆ ಮಲಗಿ ನೋಡಿ

ರೀಸ್ಟೋರ್ ಮಾಡಿದ 1950ರ ದಶಕದ ಕನ್ವರ್ಟಿಬಲ್, ಅಂದರೆ ಮಡಚುವ ಬಟ್ಟೆ ಟಾಪ್‌ನ ಕಾರು, ನೋಡಲು ಹೊರಟಿದ್ದೀರಾ? ಒಂದು ಹಳೇ ಚಾಪೆ, ಟಾರ್ಚ್ ತಗೊಂಡು ಹೋಗಿ. ಪೇಂಟು, ಕ್ರೋಮು, ಚರ್ಮದ ಸೀಟು ಎಲ್ಲ ಆಮೇಲೆ. ಮೊದಲು ಕಾರಿನ ಅಡಿ ನೋಡಬೇಕು.

ಮಾಮೂಲಿ ಕಾರಿನಲ್ಲಿ ಮೇಲಿನ ತಗಡೂ ಬಾಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಇಲ್ಲಿ ಅದೇ ಇಲ್ಲ. ಆ ಕೆಲಸವೆಲ್ಲ ಚಾಸಿ ಮತ್ತು ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಮೇಲೆ ಬೀಳುತ್ತದೆ. ಟಾಪ್‌ನಿಂದ ಸೋರಿದ ನೀರು ಇಳಿದು ನಿಲ್ಲುವುದೂ ಅಲ್ಲೇ ಅಲ್ವಾ, ಹಾಗಾಗಿ ತುಕ್ಕು ಶುರುವಾಗುವುದೂ ಅಲ್ಲೇ. ಮಾಲೀಕರನ್ನು ಕೇಳಿ ಜ್ಯಾಕ್ ಹಾಕಿಸಿ, ಒಂದು ಪಕ್ಕ ಸ್ವಲ್ಪ ಎತ್ತಿಸಿ, ಬಾಗಿಲು ತೆಗೆದು ಮುಚ್ಚಿ. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ತಗುಲಿದರೆ, ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾದರೆ, ಬಾಡಿ ಬಾಗುತ್ತಿದೆ. ಅಂಥ ಕಾರು ಎಷ್ಟೇ ಹೊಳೆದರೂ ಬಿಟ್ಟುಬಿಡಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ, ಸ್ಟ್ಯಾಂಡ್ ಇರಲೇಬೇಕು.

ತುಕ್ಕು, ತಗ್ಗು ಮುಚ್ಚಲು ಪೇಂಟಿನ ಕೆಳಗೆ ಮೆತ್ತಿದ ಪುಟ್ಟಿಯನ್ನು ತೆಳು ಬಟ್ಟೆ ಸುತ್ತಿದ ಅಯಸ್ಕಾಂತದಿಂದ ಪತ್ತೆ ಮಾಡಬಹುದು, ಪುಟ್ಟಿ ದಪ್ಪ ಇದ್ದಲ್ಲಿ ಅದು ಅಂಟಲ್ಲ. ಆದರೆ 1955ರಲ್ಲಿ ಬಂದ ರೋಲ್ಸ್ ರಾಯ್ಸ್ ಸಿಲ್ವರ್ ಕ್ಲೌಡ್‌ನಲ್ಲಿ ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂನವು. ಅಲ್ಲಿ ಅಂಟಲಿಲ್ಲ ಅಂತ ಸುಮ್ನೆ ಅನುಮಾನ ಪಡಬೇಡಿ.

ಟಾಪ್ ಪೂರ್ತಿ ಏರಿಸಿ, ಇಳಿಸಿ. ಆ ಕಾಲದ ಎಷ್ಟೋ ಅಮೆರಿಕನ್ ಕಾರುಗಳಲ್ಲಿ ಟಾಪ್ ಎತ್ತುವ ಪಂಪಿಗೆ ಬ್ರೇಕ್ ಆಯಿಲ್ಲೇ ಹಾಕುತ್ತಿದ್ದರು. ಅದು ಸೋರಿದರೆ ಪೇಂಟ್ ತಿಂದುಹಾಕುತ್ತದೆ, ಹಿಂದಿನ ಸೀಟಿನ ಹಿಂಬದಿಗೆ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಟಾಪ್ ಮುಚ್ಚಿ ಪೈಪಿನಲ್ಲಿ ನೀರು ಬಿಡಿಸಿ, ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ.

ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಸರಿಯಾಗಿ ಹಿಡಿದರೆ ಮೈಸೂರಿನಲ್ಲಾದರೆ ಚಾಮುಂಡಿ ಬೆಟ್ಟಕ್ಕೆ ಹೊರಡಿ. ವಾರದ ದಿನ, ಬೆಳಗ್ಗೆ ಬೇಗ. ಏರುವಾಗ ರೇಡಿಯೇಟರ್ ಗುಣ ಗೊತ್ತಾಗುತ್ತದೆ, ಇಳಿಯುವಾಗ ಡ್ರಮ್ ಬ್ರೇಕಿನದು. ಡ್ರಮ್ ಕಾದರೆ ಹಿಡಿತ ಕಡಿಮೆಯಾಗುತ್ತದೆ, ಅದಕ್ಕೆ ಲೋ ಗೇರ್‌ನಲ್ಲೇ ಇಳಿಯಿರಿ. ದಾರಿಯಲ್ಲಿ ಹಂಪ್ ಸಿಕ್ಕಾಗ ಮುಂದಿನ ಗಾಜಿನ ಚೌಕಟ್ಟು ಜಾಸ್ತಿ ನಡುಗುತ್ತದಾ ಗಮನಿಸಿ. ನಡುಗಿದರೆ ಮತ್ತೆ ಸಿಲ್ ಹತ್ತಿರವೇ ಹೋಗಿ ಹುಡುಕಬೇಕು.

ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಕಾರಿನ ಮೇಲಿನದಕ್ಕೆ ಹೊಂದಬೇಕು. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಇದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಹಾಗೆ ನೋಂದಾಯಿಸಿದ ಕಾರನ್ನು ದಿನಾ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥದ್ದಕ್ಕೆ ಮಾತ್ರ.

ಹಳೇ ಕಾರುಗಳನ್ನು ಹತ್ತಿರದಿಂದ ನೋಡಿದ ಅಭ್ಯಾಸ ಇಲ್ಲದಿದ್ದರೆ ಮೊದಲು ಶ್ರೀರಂಗಪಟ್ಟಣದ ಹತ್ತಿರ ಬೆಂಗಳೂರು ರಸ್ತೆಯಲ್ಲಿರುವ ಪಯಣ ಕಾರು ಮ್ಯೂಸಿಯಂ ನೋಡಿ ಬನ್ನಿ. ಕಣ್ಣು ಪಳಗುತ್ತದೆ.

ಕೊಂಡ ಮೇಲೆ ಮೊದಲ ಕೆಲಸ ಪೆಟ್ರೋಲ್ ಪೈಪ್ ಬದಲಿಸುವುದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತದೆ, ಹಳೇ ರಬ್ಬರ್ ಅದನ್ನು ತಡೆಯಲ್ಲ. ಎಥೆನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ, ಕಾರ್ಬ್ಯುರೇಟರ್‌ನ ರಬ್ಬರ್ ಭಾಗಗಳನ್ನೂ ಅದೇ ದಿನ ಬದಲಿಸಿ.